ಖರೇ ಇರೋದು ಯಾವುದು? ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ನೋಟ್‌ಬುಕ್ಕು, ಪೆನ್ನು, ಅರ್ಜಿ ಫಾರಂ ಕೂಡ ಸಿಗುತ್ತವೆ. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ಅನ್ನೋದು ಓಣಿಗೆಲ್ಲ ಗೊತ್ತು. ನಮ್ಮಪ್ಪ ಅದನ್ನು ಅರ್ಧ ಹೆಮ್ಮೆಯಿಂದ, ಅರ್ಧ ಬೇಜಾರಿನಿಂದ ಕಂಡವರಿಗೆಲ್ಲ ಹೇಳುತ್ತಿದ್ದರು. ಹೀಗಾಗಿ ಆಧಾರ್ ಕಾರ್ಡಿನ ನಕಲು ತೆಗೆಸಲು ಬಂದವರು ಮಷೀನು ಬಿಸಿಯಾಗುವ ತನಕ ಸುಮ್ನೆ ನಿಲ್ಲುವುದಿಲ್ಲ. "ಸರ, ಈ ಜಗತ್ತು ಖರೇನ ಐತೇನ್ರಿ?" ಅಂತ ಒಂದು ಪ್ರಶ್ನೆ ಎಸೆಯುತ್ತಾರೆ. ಎರಡು ನಿಮಿಷದಲ್ಲಿ ಉತ್ತರವೂ ಬೇಕು. ಎಷ್ಟೋ ವರ್ಷದಿಂದ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಒಮ್ಮೆ ಬರೆದಿಟ್ಟರೆ ಮುಂದೆ ಬಂದವರಿಗೆ ಒಂದೊಂದು ಪ್ರತಿ ತೆಗೆದು ಕೊಡಬಹುದು ಅನ್ನಿಸಿತು.

ಈ ಜಗತ್ತು ಖರೇನಾ, ಸುಳ್ಳಾ?

ಮೊದಲು ಎರಡು ಶಬ್ದ ನೋಡೋಣ. ಒಂದು ಇಲ್ಲ, ಇನ್ನೊಂದು ಅಲ್ಲ.

"ಚೀಲದಲ್ಲಿ ಜೋಳ ಇಲ್ಲ" ಅಂದರೆ ಕೈ ಹಾಕಿದರೆ ಜೋಳ ಸಿಗುವುದಿಲ್ಲ. "ಚೀಲದಲ್ಲಿ ಇರೋದು ಜೋಳ ಅಲ್ಲ" ಅಂದರೆ ಏನೋ ಇದೆ, ಸಜ್ಜೆಯೋ ಗೋಧಿಯೋ. ಕನ್ನಡ ಆಡುವ ನಾವ್ಯಾರೂ ಇವೆರಡನ್ನು ಕಲಸುವುದಿಲ್ಲ. ಹಾಗೆಯೇ "ಇದು ಕಲ್ಲು" ಅನ್ನಲು ನಮಗೆ ಕ್ರಿಯಾಪದವೇ ಬೇಡ. "ಕಲ್ಲು ಇದೆ" ಅನ್ನಲು ಬೇಕು. ಇಂಗ್ಲಿಷಿನವರು ಎರಡು ಕಡೆಯೂ ಒಂದೇ ಶಬ್ದ ಹಾಕಿ ಸಾಗಿಸುತ್ತಾರೆ. ಆ ಒಂದು ಶಬ್ದದ ಎರಡು ಕೆಲಸ ಬಿಡಿಸಲು ಅವರ ತತ್ವಜ್ಞಾನಿಗಳು ಪುಟಗಟ್ಟಲೆ ಬರೆಯಬೇಕಾಯಿತು. ನಮಗೆ ಅದು ಅವ್ವ ಕಲಿಸಿದ ಮಾತಿನಲ್ಲೇ ಬಂದಿದೆ.

ಈಗ ನಿಮ್ಮ ಪ್ರಶ್ನೆ. ಜಗತ್ತು ಇಲ್ಲವೇ ಇಲ್ಲ ಅಂದವರನ್ನು ನಾನು ಓದಿದ್ದರಲ್ಲಿ ಹುಡುಕಿದರೆ ಬಹಳ ಕಡಿಮೆ ಜನ ಸಿಗುತ್ತಾರೆ. ಜಗತ್ತು ನೀವು ಅಂದುಕೊಂಡಿದ್ದು ಅಲ್ಲ ಅಂದವರು ಜಾಸ್ತಿ. ಇವರ ಮಾತನ್ನು ಅವರ ಮಾತು ಅಂತ ಕೇಳಿಸಿಕೊಂಡರೆ ಅಲ್ಲಿಂದ ಜಗಳ ಶುರು. ನನ್ನ ಮಟ್ಟಿಗೆ, ಅಂಗಡಿಗೆ ಬರುವ ಅರ್ಧ ಪ್ರಶ್ನೆಗಳು ಈ ಒಂದು ಗೊಂದಲದಿಂದಲೇ ಹುಟ್ಟುತ್ತವೆ.

ಶಂಕರಾಚಾರ್ಯರು ಎಲ್ಲಾ ಸುಳ್ಳು ಅಂದಿದ್ದಾರಲ್ಲ?

ಹಾಗೆ ಅಂದಿಲ್ಲ. ಅದ್ವೈತಿಗಳು ಹೇಳುವ ಹಗ್ಗದ ಹಾವಿನ ಉದಾಹರಣೆ ಎಲ್ಲರಿಗೂ ಗೊತ್ತು. ಮುಸ್ಸಂಜೆ, ಹೊಲದ ದಾರಿ, ಬಿದ್ದ ಹಗ್ಗ ಹಾವಿನಂತೆ ಕಂಡಿತು. ನೀವು ಹಾರಿ ಹಿಂದೆ ಸರಿದಿರಿ. ಬ್ಯಾಟರಿ ಹಾಕಿ ನೋಡಿದರೆ ಹಗ್ಗ. ಅಲ್ಲಿ ಹಾವು ಇರಲಿಲ್ಲ, ಸರಿ. ಹಾಗಂತ ಏನೂ ಇರಲಿಲ್ಲವೇ? ಹಗ್ಗ ಇತ್ತು. ಎದೆ ಡವಡವ ಅಂದಿದ್ದೂ ಖರೇನೇ. ಶಂಕರರ ಮಿಥ್ಯೆ ಅನ್ನೋದು ಈ ನಡುವಿನ ಜಾಗ. ಮೊಲದ ಕೊಂಬಿನ ಹಾಗೆ ಪೂರ್ತಿ ಇಲ್ಲದ್ದೂ ಅಲ್ಲ, ಬ್ರಹ್ಮದ ಹಾಗೆ ಎಂದೂ ಅಳಿಯದೆ ಇರುವುದೂ ಅಲ್ಲ. ಅದಕ್ಕೇ ಆ ಪರಂಪರೆಯಲ್ಲಿ ಮೂರು ಮೆಟ್ಟಿಲು ಮಾಡಿದರು. ತೋರಿಕೆಗೆ ಇರುವುದು, ವ್ಯವಹಾರಕ್ಕೆ ಇರುವುದು, ಕೊನೆಯದಾಗಿ ಇರುವುದು.

13ನೇ ಶತಮಾನದ ಮಧ್ವಾಚಾರ್ಯರು ಇದನ್ನು ಒಪ್ಪಲಿಲ್ಲ. ಜಗತ್ತು ಸತ್ಯ, ಅದರೊಳಗಿನ ಭೇದಗಳೂ ಸತ್ಯ ಅಂದರು. ಜೀವಕ್ಕೂ ದೇವರಿಗೂ, ಜೀವಕ್ಕೂ ಜಡಕ್ಕೂ, ಹೀಗೆ ಐದು ಭೇದ ಎಣಿಸಿದರು. ಕಲ್ಲು ಎಡವಿ ಬೆರಳು ಒಡೆದುಕೊಂಡವರು ಮಧ್ವರ ಕಡೆ ವಾಲುತ್ತಾರೆ ಅನ್ನೋದು ನನ್ನ ಅನುಭವ.

"ಎಲ್ಲಾ ಮಾಯೆ ಬಿಡ್ರಿ" ಅಂತ ಉಪದೇಶ ಮಾಡಿ ಹದಿನೆಂಟು ರೂಪಾಯಿ ಬಾಕಿ ಉಳಿಸಿ ಹೋದವರು ಒಬ್ಬರಿದ್ದಾರೆ. ಅದು ವ್ಯವಹಾರಕ್ಕೆ ಇರುವುದು, ಎರಡನೇ ಮೆಟ್ಟಿಲು. ಶಂಕರರೂ ಅದನ್ನು ಮನ್ನಾ ಮಾಡಿಲ್ಲ.

ಟೇಬಲ್ಲು ಒಳಗೆಲ್ಲ ಖಾಲಿ ಅಂತ ವಿಜ್ಞಾನ ಹೇಳುತ್ತದೆ. ಹಾಗಾದರೆ ಗಟ್ಟಿ ಅನ್ನೋದು ಭ್ರಮೆನಾ?

ಪಿಯುಸಿ ಹುಡುಗರ ಪ್ರಿಯವಾದ ಪ್ರಶ್ನೆ ಇದು. 1911ರಲ್ಲಿ ರುದರ್‌ಫೋರ್ಡ್ ತೋರಿಸಿದ್ದು ಇಷ್ಟು. ಪರಮಾಣುವಿನ ತೂಕವೆಲ್ಲ ಹೆಚ್ಚುಕಡಿಮೆ ಅದರ ನಡುವಿನ ಒಂದು ಸಣ್ಣ ಬೀಜದಲ್ಲಿದೆ. ಎಷ್ಟು ಸಣ್ಣ? ಪರಮಾಣುವಿನ ಅಗಲದ ಸುಮಾರು ಲಕ್ಷದಲ್ಲಿ ಒಂದು ಪಾಲು. ವಿಜಯಪುರದ ಗೋಳಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಪರಮಾಣು ಅಷ್ಟು ದೊಡ್ಡದಾಯಿತು ಅನ್ನಿ, ನಡುವಿನ ಬೀಜ ಸಣ್ಣ ರವೆಯ ಒಂದು ಕಾಳು. ಕಸ ಹೊಡೆಯುವವರ ಕಣ್ಣಿಗೂ ಬೀಳುವುದಿಲ್ಲ.

ಆದರೆ ಉಳಿದ ಜಾಗ ಖಾಲಿ ಡಬ್ಬಿಯ ಹಾಗೆ ಖಾಲಿ ಅಲ್ಲ. ಅಲ್ಲೆಲ್ಲ ಎಲೆಕ್ಟ್ರಾನುಗಳ ಹರವು ಇದೆ. ನಿಮ್ಮ ಮೊಣಕೈಯ ಎಲೆಕ್ಟ್ರಾನುಗಳು ಟೇಬಲ್ಲಿನ ಎಲೆಕ್ಟ್ರಾನುಗಳಿಗೆ ಜಾಗ ಕೊಡುವುದಿಲ್ಲ. ಆ ತಳ್ಳಾಟಕ್ಕೇ ನಾವು ಗಟ್ಟಿ ಅನ್ನುತ್ತೇವೆ. ಅಂದಮೇಲೆ ವಿಜ್ಞಾನ ಗಟ್ಟಿತನ ಇಲ್ಲ ಅಂತ ಹೇಳಲಿಲ್ಲ. ಗಟ್ಟಿತನ ಅಂದರೆ ಒಳಗೆ ತುಂಬಿಕೊಂಡಿರೋದು ಅಲ್ಲ ಅಂತ ಹೇಳಿತು. ಮತ್ತೆ ಅದೇ ಎರಡು ಶಬ್ದ.

ಖಾರ ಇರೋದು ಮೆಣಸಿನಕಾಯಲ್ಲೋ, ನಾಲಿಗೆಯಲ್ಲೋ?

ಈ ಪ್ರಶ್ನೆ ಕೇಳಿದ್ದು ಪಕ್ಕದ ಖಾನಾವಳಿಯ ಅಕ್ಕಾರು. ನಾನು ಕೇಳಿಸಿಕೊಂಡದ್ದರಲ್ಲಿ ಅತ್ಯಂತ ಒಳ್ಳೆಯ ಪ್ರಶ್ನೆ ಅಂತ ಈಗಲೂ ಅನ್ನುತ್ತೇನೆ.

ಮೆಣಸಿನಕಾಯಲ್ಲಿ ಇರುವುದು ಕ್ಯಾಪ್ಸೈಸಿನ್ ಅನ್ನುವ ಒಂದು ಪದಾರ್ಥ. ನಮ್ಮ ನಾಲಿಗೆಯಲ್ಲಿ ಬಿಸಿ ಗುರುತಿಸುವ ಗ್ರಾಹಕಗಳು ಇವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವು "ಸುಡುತ್ತಿದೆ" ಅಂತ ಮೆದುಳಿಗೆ ಸುದ್ದಿ ಕಳಿಸುತ್ತವೆ. ಕ್ಯಾಪ್ಸೈಸಿನ್ ಅದೇ ಗ್ರಾಹಕವನ್ನು ಒತ್ತಿಬಿಡುತ್ತದೆ. ಬಾಯಿ ಸುಟ್ಟಿಲ್ಲ, ಆದರೂ ಸುಟ್ಟ ಸುದ್ದಿ ಹೋಗುತ್ತದೆ. ಕೆಂಪು ಹಿಂಡಿ ಹಚ್ಚಿದ ರೊಟ್ಟಿಯ ತುತ್ತು ಬಾಯಿಗೆ ಹೋದ ಕೂಡಲೇ ನೆತ್ತಿ ಬೆವರುವುದು ಇದಕ್ಕೇ. ಅದೇ ಮೆಣಸಿನಕಾಯಿಯನ್ನು ಗಿಳಿ ಆರಾಮಾಗಿ ತಿನ್ನುತ್ತದೆ. ಪಕ್ಷಿಗಳ ಗ್ರಾಹಕಕ್ಕೆ ಆ ಪದಾರ್ಥ ತಾಗುವುದಿಲ್ಲ.

ಹಾಗಾದರೆ ಖಾರ ಎಲ್ಲಿದೆ? ಕಾಯಲ್ಲಿ ಪದಾರ್ಥ ಇದೆ, ನಾಲಿಗೆಯಲ್ಲಿ ಗ್ರಾಹಕ ಇದೆ. ಖಾರ ಅನ್ನೋದು ಎರಡೂ ಸೇರಿದಾಗ ಆಗುವ ಘಟನೆ. ಬಣ್ಣ, ವಾಸನೆ, ಸಪ್ಪಳ ಎಲ್ಲದಕ್ಕೂ ಇದೇ ಮಾತು. ಗೆಲಿಲಿಯೊ 1623ರಲ್ಲೇ ಹೀಗೆ ವಾದಿಸಿದ್ದ. ಗರಿಯಿಂದ ಕಚಗುಳಿ ಇಟ್ಟರೆ ಕಚಗುಳಿ ಗರಿಯಲ್ಲಿಲ್ಲ, ನಿಮ್ಮಲ್ಲಿದೆ ಅಂತ. ಅವನು ಇನ್ನೂ ಮುಂದೆ ಹೋಗಿ ಇದೆಲ್ಲ ನಮ್ಮಲ್ಲಿ ಮಾತ್ರ ಇದೆ ಅಂದ. ನನಗೆ ಅಷ್ಟು ದೂರ ಹೋಗಲು ಮನಸ್ಸಿಲ್ಲ. ಕಾಯಿ ಇಲ್ಲದೆ ನಾಲಿಗೆ ಒಂದೇ ಖಾರ ಮಾಡಲಾರದು.

ಮೆದುಳಿನ ಸುದ್ದಿ ಅನ್ನೋದಾದರೆ, "ಖಾರ" ಅಂತ ಅನುಭವಿಸುವವರು ಯಾರು?

ಇಲ್ಲಿ ಎಲ್ಲರೂ ನಿಲ್ಲುತ್ತಾರೆ, ನಾನೂ. ಯಾವ ನರ ಯಾವಾಗ ಮಿಡಿಯಿತು ಅಂತ ಹೇಳಬಹುದು. ಆ ಮಿಡಿತ ಒಳಗಿನಿಂದ ಸುಟ್ಟ ಹಾಗೆ ಯಾಕೆ ಅನ್ನಿಸಬೇಕು? ಏನೂ ಅನ್ನಿಸದೆಯೂ ಕೆಲಸ ನಡೆಯಬಹುದಿತ್ತಲ್ಲ. ಡೇವಿಡ್ ಚಾಲ್ಮರ್ಸ್ ಅನ್ನುವ ತತ್ವಜ್ಞಾನಿ 1995ರಲ್ಲಿ ಇದಕ್ಕೆ "ಕಠಿಣ ಸಮಸ್ಯೆ" ಅಂತ ಹೆಸರಿಟ್ಟರು. ಹೆಸರು ಸಿಕ್ಕಿತು, ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ.

ಇದೆಲ್ಲ ಕನಸು ಅಲ್ಲ ಅಂತ ಹೇಗೆ ಗೊತ್ತು?

ಚೀನಾದ ಜ್ವಾಂಗ್‌ಝಿ ತಾನು ಚಿಟ್ಟೆಯಾದ ಕನಸು ಕಂಡು ಎದ್ದ. ನಾನು ಚಿಟ್ಟೆಯ ಕನಸು ಕಂಡ ಮನುಷ್ಯನೋ, ಈಗ ಮನುಷ್ಯನ ಕನಸು ಕಾಣುತ್ತಿರುವ ಚಿಟ್ಟೆಯೋ ಅಂತ ಕೇಳಿಕೊಂಡ. ಫ್ರಾನ್ಸಿನ ಡೆಕಾರ್ಟ್ 1641ರಲ್ಲಿ ಇದನ್ನು ಹಟ ಹಿಡಿದು ಮಾಡಿದ. ಅನುಮಾನಿಸಬಹುದಾದ್ದನ್ನೆಲ್ಲ ಒಂದೊಂದಾಗಿ ಬದಿಗಿಟ್ಟ. ಕಣ್ಣು, ಕೈ, ಲೆಕ್ಕ, ಎಲ್ಲ. ಕೊನೆಗೆ ಉಳಿದದ್ದು ಅನುಮಾನಿಸುತ್ತಿರುವ ತಾನು ಒಬ್ಬ. ಯೋಚಿಸುತ್ತಿದ್ದೇನೆ, ಹಾಗಾಗಿ ಇದ್ದೇನೆ.

ಇದರಲ್ಲಿ ಒಂದು ಸಂದು ಇದೆ. ಜರ್ಮನಿಯ ಲಿಖ್ಟನ್‌ಬರ್ಗ್ ಅದನ್ನು ಹಿಡಿದ. ಮಿಂಚು ಹೊಡೆಯಿತು ಅನ್ನುವ ಹಾಗೆ "ಯೋಚನೆ ನಡೆಯುತ್ತಿದೆ" ಅಂತ ಮಾತ್ರ ಹೇಳಬೇಕು, "ನಾನು" ಅನ್ನೋದನ್ನು ಎಲ್ಲಿಂದ ತಂದೆ ಅಂತ ಕೇಳಿದ. ಕನ್ನಡದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನಾವು ದಿನಾ ಮಾತಾಡುವುದೇ ಹಾಗೆ. ನನಗೆ ಹಸಿವಾಯಿತು. ನನಗೆ ನೆನಪಾಯಿತು. ನನಗೆ ಹಾಗೆ ಅನ್ನಿಸಿತು. ಹಸಿವು ತಾನೇ ಬರುತ್ತದೆ, ನೆನಪು ತಾನೇ ಬರುತ್ತದೆ. ನಾನು ಅದನ್ನು ಮಾಡುವವನಲ್ಲ, ಅದು ಬಂದು ತಲುಪುವ ವಿಳಾಸ. ಡೆಕಾರ್ಟ್ ನಮ್ಮ ಕಡೆಯವನಾಗಿದ್ದರೆ "ನನಗೆ ಅನ್ನಿಸುತ್ತಿದೆ" ಅಂತ ಶುರು ಮಾಡುತ್ತಿದ್ದ. ಕೊನೆಗೆ ಎಲ್ಲಿಗೆ ಮುಟ್ಟುತ್ತಿದ್ದನೋ.

ಅಂದಹಾಗೆ, ಕನಸಿನಲ್ಲಿ ಓದಿದ ಅಕ್ಷರ ಮತ್ತೊಮ್ಮೆ ನೋಡಿದರೆ ಬದಲಾಗಿರುತ್ತದೆ ಅಂತ ಹಲವರು ಹೇಳುತ್ತಾರೆ. ನನಗೆ ಹಾಗಾಗಿಲ್ಲ. ನನ್ನ ಕನಸಿನಲ್ಲಿ ಯಾವಾಗಲೂ ಟೋನರ್ ಖಾಲಿಯಾಗಿರುತ್ತದೆ, ಅಕ್ಷರ ಮೂಡುವುದೇ ಇಲ್ಲ.

ನಾವೆಲ್ಲ ಒಂದು ಕಂಪ್ಯೂಟರ್ ಗೇಮಿನೊಳಗೆ ಇದ್ದೇವೆ ಅಂತಾರಲ್ಲ?

2003ರಲ್ಲಿ ನಿಕ್ ಬಾಸ್ಟ್ರಮ್ ಅನ್ನುವ ತತ್ವಜ್ಞಾನಿ ಬರೆದ ವಾದ ಅದು. ಅವರು "ಇದ್ದೇವೆ" ಅಂತ ಹೇಳಿಲ್ಲ. ಮೂರರಲ್ಲಿ ಒಂದಾದರೂ ನಿಜವಿರಬೇಕು ಅಂದರು. ಅಂಥ ಕಂಪ್ಯೂಟರ್ ಕಟ್ಟುವ ಮಟ್ಟಕ್ಕೆ ಏರುವ ಮೊದಲೇ ನಮ್ಮಂಥವರ ಕುಲ ಅಳಿಯುತ್ತದೆ. ಇಲ್ಲವೇ ಆ ಮಟ್ಟಕ್ಕೆ ಹೋದವರಿಗೆ ತಮ್ಮ ಹಿಂದಿನವರನ್ನು ಹಾಗೆ ನಕಲು ಮಾಡುವ ಆಸೆ ಇರುವುದಿಲ್ಲ. ಅದೂ ಅಲ್ಲದಿದ್ದರೆ ನಾವು ನಕಲಿನೊಳಗೆ ಇರುವ ಸಾಧ್ಯತೆಯೇ ಜಾಸ್ತಿ.

ಒಂದು ವೇಳೆ ಇದ್ದೇವೆ ಅನ್ನಿ. ಆಗಲೂ ಜೋಳ ಇಲ್ಲ ಅಂತಾಗುವುದಿಲ್ಲ. ಜೋಳ ಅಂದರೆ ನಾವು ತಿಳಿದದ್ದು ಅಲ್ಲ, ಲೆಕ್ಕದ ಸಾಲು ಅಂತಾಗುತ್ತದೆ. ರೊಟ್ಟಿ ತಟ್ಟಲೇಬೇಕು. ಇದಕ್ಕಿಂತ ಹೆಚ್ಚು ಹೊತ್ತು ಈ ಪ್ರಶ್ನೆಗೆ ಕೊಡಬೇಕು ಅಂತ ನನಗೆ ಅನ್ನಿಸಿಲ್ಲ.

ಹಿನ್ನೀರಿನಲ್ಲಿ ಹೋದ ನಮ್ಮ ಹಳೆ ಮನೆ ಈಗ ಇದೆ ಅನ್ನಬೇಕಾ, ಇಲ್ಲ ಅನ್ನಬೇಕಾ?

ನಮ್ಮೂರಿನಲ್ಲಿ ಇದನ್ನು ಕೇಳದ ಮನೆ ಇಲ್ಲ. ಆಲಮಟ್ಟಿಯಲ್ಲಿ ನೀರು ನಿಲ್ಲಿಸಿದ ಮೇಲೆ ಹಿನ್ನೀರು ಘಟಪ್ರಭೆಯ ಗುಂಟ ಮೇಲೆ ಬಂತು. ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ನೀರಿಗೆ ಹೋದವು. ಜಲಾಶಯದ ಪೂರ್ಣ ಮಟ್ಟ ಸಮುದ್ರದಿಂದ 519.6 ಮೀಟರ್. ಈ ಅಂಕಿ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ.

ನಮ್ಮ ಮನೆಯೂ ಹೋಯಿತು. ಹೋಗುವ ಮೊದಲು ಅಪ್ಪ ತೇಗದ ತಲೆಬಾಗಿಲು, ಅದರ ಚೌಕಟ್ಟು, ಪಡಸಾಲೆಯ ಎರಡು ಕಂಬ, ಬೀಸುಕಲ್ಲು ಇಷ್ಟನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿ ನವನಗರಕ್ಕೆ ತಂದರು. ಗೋಡೆ, ನೆಲ, ಬಾವಿ ಅಲ್ಲೇ ಉಳಿದವು. ಚೌಕಟ್ಟಿನ ಎಡಗಡೆ ನಾನು ಏಳು ವರ್ಷದವನಿದ್ದಾಗ ಅವ್ವ ಬ್ಲೇಡಿನಿಂದ ಕೊರೆದ ಒಂದು ಗೀಟು ಇದೆ. ಅದು ಅವತ್ತಿನ ನನ್ನ ಎತ್ತರ. ಹೊಸ ಮನೆಯಲ್ಲಿ ಗೌಂಡಿ ಹೊಸ್ತಿಲನ್ನು ಸ್ವಲ್ಪ ಆಳಕ್ಕೆ ಕೂಡಿಸಿದ. ಮೇಲೆ ಫರಸಿ ಬೇರೆ ಬಂತು. ಗೀಟು ನಾಲ್ಕು ಬೆರಳು ಕೆಳಗೆ ಇಳಿಯಿತು. ಈಗ ಆ ಗೀಟು ನಂಬಿದರೆ ಏಳನೇ ವರ್ಷದಲ್ಲಿ ನಾನು ಇದ್ದದ್ದಕ್ಕಿಂತ ಗಿಡ್ಡ. ಕಟ್ಟಿಗೆ ಅದೇ, ಗೀಟು ಅದೇ, ಹೇಳುವ ಮಾತು ಮಾತ್ರ ತಪ್ಪು.

ಗ್ರೀಕರಲ್ಲಿ ಥೀಸಿಯಸ್ ಅನ್ನುವವನ ಹಡಗಿನ ಕತೆ ಇದೆ. ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಹಡಗನ್ನು ಊರವರು ಕಾಪಾಡುತ್ತ ಬಂದರು, ಹಲಗೆ ಕೊಳೆತಂತೆ ಹೊಸ ಹಲಗೆ ಹಾಕಿದರು. ಎಲ್ಲಾ ಹಲಗೆ ಬದಲಾದ ಮೇಲೆ ಅದು ಅದೇ ಹಡಗೋ ಬೇರೆಯೋ? ಇಂಗ್ಲೆಂಡಿನ ಹಾಬ್ಸ್ ಇದಕ್ಕೆ ಒಂದು ಕೊಕ್ಕೆ ಹಾಕಿದ. ತೆಗೆದ ಹಳೆ ಹಲಗೆಗಳನ್ನೆಲ್ಲ ಒಬ್ಬ ಜೋಡಿಸಿ ಇನ್ನೊಂದು ಹಡಗು ಮಾಡಿದರೆ? ನಮ್ಮಪ್ಪ ಹಾಬ್ಸನನ್ನು ಓದಿರಲಿಲ್ಲ. ಆದರೆ ಅದನ್ನೇ ಮಾಡಿದರು.

ನನ್ನ ಉತ್ತರ ಕೇಳುವವರ ಮೇಲೆ ಹೋಗುತ್ತದೆ. ಅಂಚೆಯವನು ಕೇಳಿದರೆ ಆ ಮನೆ ಇಲ್ಲ. ನಮ್ಮಕ್ಕ ಪಂಚಮಿಗೆ ಬಂದು "ತವರುಮನಿ ಬಾಗಿಲಾ" ಅಂತ ಚೌಕಟ್ಟಿಗೆ ಕೈ ಸವರಿದರೆ ಇದೆ. ಅವ್ವನನ್ನು ಕೇಳಿದರೆ, ಅವಳಿಗೆ ಈಗ ಎಂಬತ್ತು, "ಇದು ಅದಲ್ಲ ಬಿಡಪ್ಪ" ಅನ್ನುತ್ತಾಳೆ. ಇಲ್ಲ ಅನ್ನುವುದಿಲ್ಲ ಅವಳು. ಅಲ್ಲ ಅನ್ನುತ್ತಾಳೆ.

ಬಾಗಲಕೋಟೆ ಜಿಲ್ಲೆ ಅನ್ನೋದು ಖರೇನಾ? ನೆಲದ ಮೇಲೆ ಗೆರೆ ಏನೂ ಕಾಣುವುದಿಲ್ಲ.

1997ಕ್ಕೆ ಮುಂಚೆ ಈ ಜಿಲ್ಲೆ ಇರಲಿಲ್ಲ, ವಿಜಯಪುರದ ಒಳಗಿತ್ತು. ಆಗ ಅದರ ಹೆಸರು ಬಿಜಾಪುರ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ನೆಲ ಒಂದು ಗೇಣೂ ಅಲುಗಲಿಲ್ಲ. ಎಲ್ಲರೂ ಒಪ್ಪಿ ನಡೆಯುವುದರಿಂದ ಇರುವ ಸಂಗತಿಗಳು ಇವು. ಜಾನ್ ಸರ್ಲ್ ಅನ್ನುವ ತತ್ವಜ್ಞಾನಿ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ಬೆಟ್ಟ ನಾವು ಒಪ್ಪಿದರೂ ಇದೆ, ಒಪ್ಪದಿದ್ದರೂ ಇದೆ. ದುಡ್ಡು ಹಾಗಲ್ಲ. ನೋಟು ರದ್ದಾದ 2016ರ ನವೆಂಬರ್ 8ರ ರಾತ್ರಿ ನನ್ನ ಗಲ್ಲಾಪೆಟ್ಟಿಗೆಯಲ್ಲಿ ಐನೂರರ ಹನ್ನೊಂದು ನೋಟು ಇದ್ದವು. ಬೆಳಿಗ್ಗೆ ನೋಡಿದರೂ ಹನ್ನೊಂದು ಇದ್ದವು. ಆದರೆ ಅಂಗಡಿ ಎದುರಿನ ಚಹಾದವನ ಲೆಕ್ಕದಲ್ಲಿ ಅವು ದುಡ್ಡು ಅಲ್ಲ.

ಒಪ್ಪಿಗೆಯಿಂದ ಇರುವುದನ್ನು ಪೊಳ್ಳು ಅಂತ ತಳ್ಳಿಹಾಕಬೇಡಿ. ಜಾತಿಯೂ ಇದೇ ಗುಂಪಿನದು. ರಕ್ತ ಪರೀಕ್ಷೆ ಮಾಡಿದರೆ ಎಲ್ಲೂ ಸಿಗುವುದಿಲ್ಲ. "ಜಾತಿ ಅನ್ನೋದೇ ಇಲ್ಲ ಬಿಡ್ರಿ" ಅನ್ನುವವರು ಒಮ್ಮೆ ಬಾಡಿಗೆ ಮನೆ ಹುಡುಕುವವರ ಜೊತೆ ನಾಲ್ಕು ಬಾಗಿಲು ತಟ್ಟಿ ಬರಲಿ. ಅದು ಇದೆ. ನಾವು ಇಟ್ಟಿರುವುದರಿಂದ ಇದೆ. ಬೆಟ್ಟಕ್ಕೂ ಅದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಮತ್ತು ಅದು ಸಣ್ಣ ವ್ಯತ್ಯಾಸ ಅಲ್ಲ.

"ನಾನು" ಅಂದರೆ ಯಾರು? ದೇಹವೋ, ಮನಸ್ಸೋ?

ಇಲಕಲ್ಲಿನಲ್ಲಿ ಮಗ್ಗದ ಮುಂದೆ ಒಂದರ್ಧ ಗಂಟೆ ಕೂತು ನೋಡಿ. ಅಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹತ್ತಿರದಿಂದ ನೋಡಿದರೆ ಒಂದು ಎಳೆ ಇನ್ನೊಂದರ ಕುಣಿಕೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಅಷ್ಟೇ. ಆಮೇಲೆ ಹೊಕ್ಕು ಹೊಡೆಯುತ್ತ ಹೋಗುತ್ತಾರೆ. ಈಗ ಸೀರೆ ಎಲ್ಲಿದೆ? ಹಾಸಿನಲ್ಲಿಲ್ಲ, ಹೊಕ್ಕಿನಲ್ಲಿಲ್ಲ, ಬಣ್ಣದಲ್ಲಿಲ್ಲ, ಕೊಂಡಿಯಲ್ಲಿಲ್ಲ. ಎಲ್ಲಾ ಎಳೆ ಬಿಚ್ಚಿ ಗುಡ್ಡೆ ಹಾಕಿದರೆ ತೂಕ ಅಷ್ಟೇ ಇರುತ್ತದೆ, ಉಟ್ಟುಕೊಳ್ಳಲು ಬರುವುದಿಲ್ಲ.

ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ರಥದ ಲೆಕ್ಕದಲ್ಲಿ ಇದನ್ನೇ ಹೇಳಿದ. ಗಾಲಿ ರಥವೋ, ಅಚ್ಚು ರಥವೋ, ನೊಗ ರಥವೋ ಅಂತ ಕೇಳುತ್ತ ಹೋದ. ರಾಜ ಎಲ್ಲಕ್ಕೂ ಅಲ್ಲ ಅಂದ. ಹಾಗೆಯೇ ನಾಗಸೇನ ಅನ್ನುವುದೂ ಒಂದು ಕರೆಯುವ ಹೆಸರು. ಸ್ಕಾಟ್ಲೆಂಡಿನ ಹ್ಯೂಮ್ 1739ರಲ್ಲಿ ತನ್ನ ಒಳಗೆ ಹುಡುಕಿ, ಬಿಸಿ, ತಂಪು, ಪ್ರೀತಿ, ಸಿಟ್ಟು ಸಿಕ್ಕವು, "ನಾನು" ಅನ್ನೋದು ಬೇರೆಯಾಗಿ ಸಿಗಲಿಲ್ಲ ಅಂತ ಬರೆದ.

ಬುದ್ಧ ಆತ್ಮ ಇಲ್ಲ ಅಂದನೇ? ದೇಹ ನಾನಲ್ಲ, ಸಂವೇದನೆ ನಾನಲ್ಲ, ಅರಿವು ನಾನಲ್ಲ ಅಂತ ಒಂದೊಂದನ್ನೇ ತೋರಿಸಿ ಹೇಳಿದ. ಆತ್ಮ ಇದೆಯೇ, ಇಲ್ಲವೇ ಅಂತ ಒಬ್ಬ ಸನ್ಯಾಸಿ ನೇರವಾಗಿ ಕೇಳಿದಾಗ ಸುಮ್ಮನಿದ್ದ ಅಂತ ಪಾಲಿ ಗ್ರಂಥಗಳಲ್ಲಿದೆ. ಅವನು ಹೇಳಿದ್ದು ಅಲ್ಲವೋ, ಇಲ್ಲವೋ ಅಂತ ಪಂಡಿತರು ಇನ್ನೂ ಬಡಿದಾಡುತ್ತಿದ್ದಾರೆ.

ಭೂತ ಹೋಯಿತು, ಭವಿಷ್ಯ ಬಂದಿಲ್ಲ. "ಈಗ" ಅನ್ನೋದಾದರೂ ಇದೆಯಾ?

ಮತ್ತೆ ಗೋಳಗುಮ್ಮಟಕ್ಕೆ ಹೋಗೋಣ. 1656ರ ಸುಮಾರಿಗೆ ಮುಗಿದ ಕಟ್ಟಡ, ಮೊಹಮ್ಮದ್ ಆದಿಲ್ ಶಾಹನ ಗೋರಿ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಕಡೆ ನೀವು, ಆ ಕಡೆ ನಿಮ್ಮ ಗೆಳೆಯ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅವನ ಮಾತು 38 ಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು ಬೇಕು, ಗೋಡೆಯ ಗುಂಟ ಸುತ್ತಿ ಬಂದರೆ ಇನ್ನೂ ಜಾಸ್ತಿ. ನಿಮಗೆ ಕೇಳಿಸುವಾಗ ಅವನ ತುಟಿ ಮುಚ್ಚಿರಬಹುದು. ಹೊರಗೆ ಬಂದು ಸೂರ್ಯನ ಕಡೆ ಮುಖ ಮಾಡಿ. ನಿಮ್ಮ ಕೆನ್ನೆಗೆ ತಾಗಿದ ಬಿಸಿಲು ಅಲ್ಲಿಂದ ಹೊರಟು ಎಂಟು ನಿಮಿಷ ದಾಟಿದೆ. ರಾತ್ರಿಯ ಲುಬ್ಧಕ ನಕ್ಷತ್ರದ ಬೆಳಕು ಎಂಟೂವರೆ ವರ್ಷದ ಹಿಂದಿನದು. ಅಂದರೆ ನಾವು ಕಾಣುವುದೆಲ್ಲ ಬೇರೆ ಬೇರೆ ಹಳತಿನ ಸುದ್ದಿ, ಒಂದೇ ಹೊತ್ತಿಗೆ ಬಂದು ತಲುಪಿದ್ದು. ಇಡೀ ವಿಶ್ವಕ್ಕೆಲ್ಲ ಒಂದೇ "ಈಗ" ಅಂತ ಇಲ್ಲ ಅಂತ 1905ರಲ್ಲಿ ಐನ್‌ಸ್ಟೈನ್ ತೋರಿಸಿದರು. ನಿಮ್ಮ ಈಗ ಇದೆ, ನನ್ನ ಈಗ ಇದೆ. ನಾವಿಬ್ಬರೂ ಕೌಂಟರಿನ ಎರಡು ಬದಿಗೆ ನಿಂತಿರುವ ತನಕ ಅವೆರಡರ ನಡುವಿನ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

ಅವರವರ ಸತ್ಯ ಅವರವರಿಗೆ, ಅಲ್ವಾ?

ಐಹೊಳೆಯ ಮೇಗುತಿ ಗುಡ್ಡ ಹತ್ತಿದ್ದೀರಾ? ಅಲ್ಲಿನ ಜೈನ ಬಸದಿಯ ಗೋಡೆಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನ ಇದೆ. ಪುಲಕೇಶಿಯನ್ನು ಹೊಗಳುತ್ತ, ಕೊನೆಗೆ ತನ್ನನ್ನೇ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡ ಧೈರ್ಯವಂತ. ಅವನ ಧರ್ಮದ ತಾರ್ಕಿಕರು "ಸ್ಯಾತ್" ಅನ್ನುವ ಒಂದು ಶಬ್ದ ಕೊಟ್ಟರು. ಒಂದು ರೀತಿಯಿಂದ ನೋಡಿದರೆ ಅಂತ ಅರ್ಥ. ಒಂದು ರೀತಿಯಿಂದ ಇದೆ, ಒಂದು ರೀತಿಯಿಂದ ಇಲ್ಲ, ಒಂದು ರೀತಿಯಿಂದ ಹೇಳಲಾಗದು. ಇವನ್ನು ಜೋಡಿಸಿದರೆ ಏಳು ಬಗೆ.

ಇದನ್ನು "ಏನು ಬೇಕಾದರೂ ಹೇಳಬಹುದು" ಅಂತ ತಿಳಿಯುವವರು ಇದ್ದಾರೆ. ಪೂರಾ ಉಲ್ಟಾ. ಯಾವ ರೀತಿಯಿಂದ ಅಂತ ಹೇಳುವ ಹೊಣೆ ಮಾತಾಡುವವನ ಮೇಲೆ ಬರುತ್ತದೆ. ಮಣ್ಣಿನ ಲೆಕ್ಕದಲ್ಲಿ ಗಡಿಗೆ ಇದೆ, ತಾಮ್ರದ ಲೆಕ್ಕದಲ್ಲಿ ಇಲ್ಲ. ಗಡಿಗೆಯನ್ನೇ ನೋಡದೆ ಮನಸ್ಸಿಗೆ ಬಂದದ್ದು ಹೇಳಿದರೆ ಅದು ಬರೀ ತಪ್ಪು.

ಏನೂ ಇಲ್ಲದೆಯೇ ಇರಬಹುದಿತ್ತು. ಯಾಕೆ ಏನೋ ಒಂದು ಇದೆ?

ಇಲ್ಲಿ ನನ್ನ ಅಲ್ಲ-ಇಲ್ಲದ ಬೀಗದಕೈ ಕೆಲಸ ಮಾಡುವುದಿಲ್ಲ. ಇದು ಬರೀ "ಇಲ್ಲ"ದ ಪ್ರಶ್ನೆ. 1714ರಲ್ಲಿ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಇದನ್ನು ನೇರವಾಗಿ ಕೇಳಿ, ತನ್ನ ಇರವಿಗೆ ತಾನೇ ಕಾರಣವಾದ ದೇವರನ್ನು ಉತ್ತರವಾಗಿ ಕೊಟ್ಟ. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ ಆಯಿತು ಅನ್ನುವ ವಿಜ್ಞಾನಿಗಳು ಬಿಸಿಯಾಗಿ, ಒತ್ತೊತ್ತಾಗಿ ಇದ್ದ ಸ್ಥಿತಿ ಹೇಗೆ ಹಿಗ್ಗಿತು ಅಂತ ಹೇಳುತ್ತಾರೆ. ಆ ಸ್ಥಿತಿಯೇ ಯಾಕೆ ಇತ್ತು ಅನ್ನೋದು ಬೇರೆ ಮಾತು.

ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತ ಏಳೇ ಪದ್ಯ. ಆಗ ಇದ್ದದ್ದೂ ಇರಲಿಲ್ಲ, ಇಲ್ಲದ್ದೂ ಇರಲಿಲ್ಲ ಅಂತ ಶುರುವಾಗುತ್ತದೆ. ಮೇಲಿಂದ ನೋಡುವವನಿಗೆ ಇದು ಗೊತ್ತಿರಬೇಕು, ಅಥವಾ ಅವನಿಗೂ ಗೊತ್ತಿಲ್ಲವೇನೋ ಅಂತ ಮುಗಿಯುತ್ತದೆ. ಪುರೋಹಿತರು ಕಾಪಾಡಿಕೊಂಡು ಬಂದ ಪುಸ್ತಕದಲ್ಲೇ ಈ ಮಾತು ಇದೆ ಅನ್ನೋದು ನನಗೆ ಬಹಳ ಇಷ್ಟ.

ದೇವರು ಇದ್ದಾನಾ?

ಇದಕ್ಕೆ ನನ್ನ ಅಂಗಡಿಯಲ್ಲಿ ಉತ್ತರ ಕೊಡುವುದಿಲ್ಲ. ಹಿಂದೊಮ್ಮೆ ಕೊಟ್ಟಿದ್ದೆ, ಇಬ್ಬರು ಕಾಯಂ ಗಿರಾಕಿಗಳು ಹೋದರು. ಯಾವ ದೇವರು, ಯಾವ ರೀತಿ ಇರುವುದು ಅಂತ ನೀವು ಹೇಳಿದರೆ ಮಾತು ಮುಂದುವರಿಸಬಹುದು.

ಸತ್ತ ಮೇಲೆ ಏನು?

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಸೇರಿದ ಮೇಲೆ ಮಲಪ್ರಭೆ ಇಲ್ಲವಾಯಿತೇ? ಹೆಸರು ಹೋಯಿತು, ನೀರು ಮುಂದೆ ಹೋಗುತ್ತಿದೆ. ಬಸವಣ್ಣನವರ ಐಕ್ಯ ಮಂಟಪ ಅಲ್ಲೇ ಇದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಬಾರದು ಅಂತ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲು ಇಳಿದು ಹೋಗಬೇಕು. ಗೋಡೆಯ ಆಚೆ ನೀರು, ನೀವು ಅದರ ಮಟ್ಟಕ್ಕಿಂತ ಕೆಳಗೆ.

ಶರಣರು ಸಾವಿಗೆ ಬಳಸಿದ ಮಾತು ಬಯಲಾಗುವುದು. ಈ ಶಬ್ದವನ್ನು ಪುಸ್ತಕದಲ್ಲಿ ಓದಿದಾಗ ಶೂನ್ಯ ಅಂತ ಟಿಪ್ಪಣಿ ಇರುತ್ತದೆ. ಜೋಳ ಕೊಯ್ದ ಮೇಲೆ ಬಸವನ ಬಾಗೇವಾಡಿ ಕಡೆ ಬಸ್ಸಿನಲ್ಲಿ ಹೋಗಿ. ಕಿಟಕಿಯ ಎರಡು ಬದಿಗೂ ಕರಿ ಎರೆನೆಲ, ಆಕಾಶ ಮುಟ್ಟುವ ತನಕ. ಬೇಲಿ ಇಲ್ಲ, ಬದು ಕೂಡ ಸರಿಯಾಗಿ ಕಾಣದು. ಅದಕ್ಕೆ ನಮ್ಮ ಜನ ಬಯಲು ಅನ್ನುತ್ತಾರೆ. ಅಲ್ಲಿ ಏನೂ ಇಲ್ಲ ಅಂತ ಯಾವ ರೈತನೂ ಹೇಳುವುದಿಲ್ಲ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡರು. ಜೇಬಿಲ್ಲದ ಬಿಳಿ ಅಂಗಿ ತೊಡುತ್ತಿದ್ದವರು. ತನ್ನ ದೇಹವನ್ನು ಹೂಳದೆ ಸುಡಬೇಕು, ಸ್ಮಾರಕ ಕಟ್ಟಬಾರದು ಅಂತ ಮೊದಲೇ ಬರೆದಿಟ್ಟಿದ್ದರು. ಹಾಗೆಯೇ ಸುಟ್ಟರು. ಸತ್ತ ಮೇಲೆ ಏನು ಅಂತ ನನ್ನನ್ನು ಕೇಳುವವರಿಗೆ ನಾನು ಈ ಮೂರು ಸಂಗತಿ ಹೇಳಿ ಸುಮ್ಮನಾಗುತ್ತೇನೆ.

ಇದನ್ನೆಲ್ಲ ಯೋಚಿಸಿ ಸುತ್ತಲಿನದು ಯಾವುದೂ ಖರೇ ಅನ್ನಿಸುತ್ತಿಲ್ಲ. ಏನು ಮಾಡಲಿ?

ಒಂದು ಸಂಜೆ ತಲೆ ಜುಮ್ ಅಂದರೆ ಚಿಂತೆ ಬೇಡ, ಊಟ ಮಾಡಿ ಮಲಗಿ. ಆದರೆ ದಿನಗಟ್ಟಲೆ ಎಲ್ಲವೂ ಗಾಜಿನ ಆಚೆ ಇದ್ದ ಹಾಗೆ, ನಿಮ್ಮ ಕೈ ನಿಮ್ಮದಲ್ಲದ ಹಾಗೆ ಅನ್ನಿಸುತ್ತಿದ್ದರೆ ಅದು ತತ್ವಶಾಸ್ತ್ರ ಅಲ್ಲ. ನಿದ್ದೆಗೇಡು, ಅತಿ ಆತಂಕ, ಗಾಂಜಾ ಇವುಗಳಿಂದಲೂ ಹಾಗಾಗುತ್ತದೆ, ವೈದ್ಯರಿಗೆ ಪರಿಚಯದ ತೊಂದರೆ ಅದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನನ್ನ ಅಂಗಡಿಗೆ ಆಮೇಲೆ ಬನ್ನಿ.

ಅಂಗಡಿ ಎಷ್ಟು ಗಂಟೆ ತನಕ ತೆರೆದಿರುತ್ತದೆ?

ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಜಾಸ್ತಿ ಕೇಳುವುದು ಇದನ್ನೇ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟೂವರೆ. ಮಧ್ಯಾಹ್ನ ಊಟಕ್ಕೆ ಒಂದು ತಾಸು ಮುಚ್ಚಿರುತ್ತದೆ. ಒರಿಜಿನಲ್ ಮರೆಯದೆ ತನ್ನಿ, ನಕಲಿನ ನಕಲು ತೆಗೆದರೆ ಫೋಟೋ ಕಪ್ಪಾಗುತ್ತದೆ, ಕಚೇರಿಯಲ್ಲಿ ವಾಪಸ್ ಕಳಿಸುತ್ತಾರೆ. ಕರೆಂಟ್ ಇಲ್ಲದಿದ್ದರೆ ಝೆರಾಕ್ಸ್ ಇಲ್ಲ. ಬೆಂಚು ಇದೆ, ಕೂತುಕೊಳ್ಳಿ.